ಆರು ಜನ, ಒಂದು ಆರ್‌ವಿ, ಹತ್ತು ದಿನ: ಯೂಟಾ, ಅರಿಜೋನಾ ಸುತ್ತಿ ಬರಬಹುದಾ?

ಬೆಣ್ಣೆದೋಸೆ_ಬೇಏರಿಯಾ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಮಧ್ಯದಲ್ಲಿ ನಾವು ಆರು ಜನ ಲಾಸ್ ವೇಗಸ್‌ನಲ್ಲಿ ಆರ್‌ವಿ (ಒಳಗೇ ಮಲಗುವ, ಅಡುಗೆ ಮಾಡಿಕೊಳ್ಳುವ ಮನೆಯಂಥ ಗಾಡಿ) ಬಾಡಿಗೆಗೆ ಹಿಡಿದು ಹೊರಡಬೇಕು ಅಂತಿದ್ದೇವೆ. ನಾಲ್ಕು ಜನ ಇಲ್ಲೇ ಸ್ಯಾನ್ ಹೊಸೆ ಸುತ್ತಮುತ್ತ ಇರುವವರು, ಇಬ್ಬರು ಬೆಂಗಳೂರಿನಿಂದ ಬರುತ್ತಿದ್ದಾರೆ. ಎರಡು ಜೋಡಿ, ಇಬ್ಬರು ಬ್ರಹ್ಮಚಾರಿಗಳು, ಎಲ್ಲರೂ ಒಂದೇ ಕಾಲೇಜು. ಒಂದೇ ಗಾಡಿಯಲ್ಲಿ ಇರೋಣ, ರಾತ್ರಿ ಬೆಂಕಿ ಹಾಕಿಕೊಂಡು ಹರಟೆ ಹೊಡೆಯೋಣ, ಜಾಗ ನೋಡುವುದು ಆಮೇಲೆ ಅಂತ ನಾನು. ಮಿಕ್ಕವರು ಕೇಳಬೇಕಲ್ಲ. ಅವರ ಪಟ್ಟಿ ಹೀಗಿದೆ: ಜಾಯನ್, ಬ್ರೈಸ್ ಕ್ಯಾನ್ಯನ್, ಕ್ಯಾಪಿಟಲ್ ರೀಫ್, ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್, ಮಾನ್ಯುಮೆಂಟ್ ವ್ಯಾಲಿ, ಪೇಜ್ ಅನ್ನುವ ಊರು, ಗ್ರ್ಯಾಂಡ್ ಕ್ಯಾನ್ಯನ್ ಸೌತ್ ರಿಮ್, ವಾಪಸ್ ವೇಗಸ್. ಮ್ಯಾಪ್‌ನಲ್ಲಿ ಸುಮಾರು 1,200 ಮೈಲಿ ತೋರಿಸುತ್ತದೆ. ಒಬ್ಬನಿಗೆ ಡೆತ್ ವ್ಯಾಲಿಯೂ ಬೇಕಂತೆ.

ಕೇಳಬೇಕಾಗಿದ್ದು ಇಷ್ಟು. 30 ಅಡಿ ಗಾಡಿಯಲ್ಲಿ ಏಳು ಜನ ಮಲಗಬಹುದು ಅಂತ ಜಾಹೀರಾತಿನಲ್ಲಿ ಹಾಕಿದ್ದಾರೆ, ಆರು ಜನ ನಿಜವಾಗಿ ಹಿಡಿಸುತ್ತಾರಾ? ಇಷ್ಟು ದೊಡ್ಡ ಗಾಡಿ ಈ ನ್ಯಾಷನಲ್ ಪಾರ್ಕುಗಳ ಒಳಗೆಲ್ಲ ಹೋಗುತ್ತಾ? ಹೋಟೆಲ್‌ಗಿಂತ ಅಗ್ಗವಾಗುತ್ತಾ? ಅಡುಗೆ ಒಳಗೇ ಮಾಡಿಕೊಳ್ಳುವ ಯೋಚನೆ, ಇಬ್ಬರು ಈರುಳ್ಳಿ ಬೆಳ್ಳುಳ್ಳಿ ಕೂಡ ತಿನ್ನದವರು ಇದ್ದಾರೆ. ಹೋಗಿ ಬಂದವರು ಸ್ವಲ್ಪ ಬಿಡಿಸಿ ಹೇಳಿ.

ದಾರಿಹೋಕ_ಫೀನಿಕ್ಸ್

ಹೋಗಬಹುದು. ಆದರೆ ಆ ಪಟ್ಟಿ ಇಟ್ಟುಕೊಂಡು ಹೋಗಬೇಡಿ. ಆರ್‌ವಿ ಅಂದರೆ ಮನೆ ಗುರು, ಸುತ್ತಾಡುವ ಗಾಡಿ ಅಲ್ಲ. ಅದನ್ನು ಒಂದು ಕಡೆ ನಿಲ್ಲಿಸಿ, ಅಲ್ಲಿಂದ ಬಸ್ಸಲ್ಲೋ ನಡೆದೋ ಜೀಪಲ್ಲೋ ಜಾಗ ನೋಡಬೇಕು. ಪ್ರತಿ ವ್ಯೂ ಪಾಯಿಂಟ್‌ಗೂ 30 ಅಡಿ ಮನೆಯನ್ನು ಎಳೆದುಕೊಂಡು ಹೋಗಿ, ಪಾರ್ಕಿಂಗ್ ಇಲ್ಲ ಅಂತ ವಾಪಸ್ ಬಂದು, ಆಮೇಲೆ ಗೆಳೆಯರ ಮೇಲೆ ರೇಗಾಡುವವರನ್ನು ಬೇಕಾದಷ್ಟು ನೋಡಿದ್ದೇನೆ.

ಮೊದಲು ಜಾಯನ್. ಜಾಯನ್‌ನಿಂದ ಬ್ರೈಸ್‌ಗೆ ಮ್ಯಾಪ್ ತೋರಿಸುವ ನೇರ ದಾರಿಯಲ್ಲಿ ಒಂದು ಹಳೇ ಸುರಂಗ ಇದೆ, 1.1 ಮೈಲಿ ಉದ್ದ, 1930ರಲ್ಲಿ ತೆರೆದಿದ್ದು. ಆಗಿನ ಸಣ್ಣ ಕಾರುಗಳಿಗೆ ಅಂತ ಕೊರೆದಿದ್ದಾರೆ. ಮೇಲ್ಛಾವಣಿ ಕಮಾನಿನ ಥರ ಬಾಗಿದೆ, ಹಾಗಾಗಿ ಎತ್ತರದ ಗಾಡಿ ರಸ್ತೆಯ ನಟ್ಟನಡುವೆ ಹೋದರೆ ಮಾತ್ರ ತಲೆ ತಾಗುವುದಿಲ್ಲ. ಮೊದಲೆಲ್ಲ 15 ಡಾಲರ್ ತಗೊಂಡು, ಎದುರಿನ ಗಾಡಿಗಳನ್ನು ನಿಲ್ಲಿಸಿ ಬಿಡುತ್ತಿದ್ದರು. 2026ರ ಜೂನ್‌ನಿಂದ ಅದೂ ಇಲ್ಲ, ಎತ್ತರ 11 ಅಡಿ 4 ಇಂಚು ಅಥವಾ ಅಗಲ 7 ಅಡಿ 10 ಇಂಚು ದಾಟಿದರೆ ಬೇರೆ ದಾರಿಯಲ್ಲೇ ಹೋಗಬೇಕು. ನೀವು ಹಿಡಿಯುವ ಗಾಡಿ ಎರಡರಲ್ಲೂ ದಾಟುತ್ತದೆ, ಅನುಮಾನವೇ ಬೇಡ. ಹರಿಕೇನ್ ಅನ್ನುವ ಊರಿಗೆ ವಾಪಸ್ ಬಂದು, ಫ್ರೆಡೋನಿಯಾ, ಕನಾಬ್ ಮೇಲೆ ಸುತ್ತಿಕೊಂಡು ಹೋಗಿ. ದಾರಿ ಚೆನ್ನಾಗಿದೆ, ಅರ್ಧ ದಿನ ಅದಕ್ಕೇ ಅಂತ ಇಟ್ಟುಕೊಳ್ಳಿ.

ಜಾಯನ್ ಒಳಗಿನ ಮುಖ್ಯ ಕಣಿವೆ ರಸ್ತೆಗೆ ಶಟಲ್ ಬಸ್ ಓಡುವ ತಿಂಗಳುಗಳಲ್ಲಿ ಖಾಸಗಿ ಗಾಡಿಯನ್ನೇ ಬಿಡುವುದಿಲ್ಲ, ಅಕ್ಟೋಬರ್ ಅದರೊಳಗೆ ಬರುತ್ತದೆ. ನಿಮಗೆ ಇದು ಒಳ್ಳೇದೇ. ವಾಚ್‌ಮನ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಕರೆಂಟ್ ಇರುವ ಸೈಟ್ (ಗಾಡಿ ನಿಲ್ಲಿಸುವ ಜಾಗ) ಸಿಕ್ಕಿದರೆ ಗಾಡಿ ಅಲ್ಲೇ ನಿಲ್ಲಿಸಿ ನಡೆದುಕೊಂಡು ಬಸ್ ಹತ್ತಬಹುದು. ಆರು ತಿಂಗಳು ಮುಂಚೆ ಬುಕಿಂಗ್ ತೆರೆಯುತ್ತದೆ, ತೆರೆದ ಕೂಡಲೇ ಖಾಲಿ. ಸಿಗದಿದ್ದರೆ ಸ್ಪ್ರಿಂಗ್‌ಡೇಲ್ ಊರಲ್ಲೇ ಖಾಸಗಿ ಆರ್‌ವಿ ಪಾರ್ಕ್ ನೋಡಿ. ಏಂಜಲ್ಸ್ ಲ್ಯಾಂಡಿಂಗ್ ಅನ್ನುವ ಬಂಡೆ ಹತ್ತುವ ಆಸೆ ಇದ್ದವರಿಗೆ 2022ರಿಂದ ಪರ್ಮಿಟ್ ಲಾಟರಿ ಇದೆ, ಹಿಂದಿನ ದಿನ ಹಾಕುವ ಲಾಟರಿಯೂ ಉಂಟು. ಆರೂ ಜನ ಹತ್ತಲೇಬೇಕು ಅಂತ ಹಟ ಬೇಡ. ಸರಪಳಿ ಹಿಡಿದು ಹತ್ತುವ ಜಾಗ ಅದು, ಎರಡೂ ಕಡೆ ಪ್ರಪಾತ. ಹೆದರುವವರು ಕೆಳಗೆ ಹೊಳೆ ದಂಡೆಯಲ್ಲಿ ನಡೆಯಲಿ.

ಮಾನ್ಯುಮೆಂಟ್ ವ್ಯಾಲಿಯಲ್ಲೂ ಅದೇ ಕತೆ. ಒಳಗಿನ 17 ಮೈಲಿ ಮಣ್ಣಿನ ರಸ್ತೆಗೆ ಆರ್‌ವಿ ಬಿಡುವುದಿಲ್ಲ. ಅಲ್ಲಿನ ಮೂಲನಿವಾಸಿ ನವಾಹೋ ಜನರೇ ಜೀಪಿನಲ್ಲಿ ಕರೆದುಕೊಂಡು ಹೋಗುತ್ತಾರೆ, ಸ್ವಂತ ಗಾಡಿಗೆ ಬಿಡದ ಜಾಗಗಳಿಗೂ ಹೋಗುತ್ತಾರೆ. ಅದಕ್ಕೆ ದುಡ್ಡು ಕೊಡಿ, ಚೌಕಾಸಿ ಬೇಡ. ಅದು ಅವರ ನಾಡು, ಮದ್ಯ ಅಲ್ಲಿ ನಿಷಿದ್ಧ, ಬೆಂಕಿ ಮುಂದಿನ ಹರಟೆಗೆ ಬಿಯರ್ ಅಂತ ಏನಾದರೂ ಪ್ಲಾನ್ ಇದ್ದರೆ ಆ ರಾತ್ರಿ ಚಹಾ ಕುಡಿಯಿರಿ.

ಡೆತ್ ವ್ಯಾಲಿ ಕೈಬಿಡಿ. ವೇಗಸ್‌ನಿಂದ ಪೂರ್ತಿ ಉಲ್ಟಾ ದಿಕ್ಕು ಅದು.

ಮಳೆನಾಡು_ಸಿಯಾಟಲ್

ನಾನು ಉಲ್ಟಾ ಹೇಳುತ್ತೇನೆ, ಬೈಯಬೇಡಿ. ಆರು ಜನಕ್ಕೆ ಒಂದು ಮಿನಿವ್ಯಾನ್, ರಾತ್ರಿಗೆ ಮೂರು ರೂಮು. ಮುಗೀತು.

ಆರ್‌ವಿ ಅಗ್ಗ ಅನ್ನುವುದನ್ನು ಯಾರು ಹಬ್ಬಿಸಿದರೋ ಗೊತ್ತಿಲ್ಲ. ಜಾಹೀರಾತಿನಲ್ಲಿ ದಿನದ ಬಾಡಿಗೆ ಮಾತ್ರ ಇರುತ್ತದೆ. ಅದರ ಮೇಲೆ ಮೈಲಿಗೆ ಇಷ್ಟು, ಜನರೇಟರ್ ಓಡಿಸಿದ ಗಂಟೆಗೆ ಇಷ್ಟು, ತಟ್ಟೆ ಲೋಟ ಹಾಸಿಗೆ ಬಟ್ಟೆಯ ಕಿಟ್‌ಗೆ ತಲೆಗೆ ಇಷ್ಟು, ಇನ್ಶೂರೆನ್ಸ್ ಬೇರೆ. ಗ್ಯಾಲನ್‌ಗೆ ಎಂಟರಿಂದ ಹತ್ತು ಮೈಲಿ ಕೊಟ್ಟರೆ ಪುಣ್ಯ, ಅಂದರೆ 1,200 ಮೈಲಿಗೆ 120ರಿಂದ 150 ಗ್ಯಾಲನ್ ಪೆಟ್ರೋಲ್. ರಾತ್ರಿ ನಿಲ್ಲಿಸಲು ಸೈಟಿಗೆ ಬಾಡಿಗೆ. ಎಲ್ಲ ಕೂಡಿಸಿ ಆರು ಜನಕ್ಕೆ ಭಾಗಿಸಿ ನೋಡಿ, ಸಾಧಾರಣ ಮೋಟೆಲಿನ ಹತ್ತಿರ ಹತ್ತಿರ ಬಂದು ನಿಲ್ಲುತ್ತದೆ. ಮೋಟೆಲ್‌ನಲ್ಲಿ ಬಿಸಿನೀರು ಮಧ್ಯದಲ್ಲಿ ನಿಲ್ಲುವುದಿಲ್ಲ, ಬೆಳಿಗ್ಗೆ ಯಾರ ಕಾಲನ್ನೂ ದಾಟಿಕೊಂಡು ಬಚ್ಚಲಿಗೆ ಹೋಗಬೇಕಾಗಿಲ್ಲ.

ಇನ್ನೊಂದು ವಿಷಯ, ವಾಪಸ್ ಕೊಡುವಾಗ ಮೇಲಿನ ಛಾವಣಿಯಲ್ಲಿ ಗೀರು ಅಂತ ಒಂದು ಬಾಡಿಗೆ ಕಂಪನಿ ನಮ್ಮಿಂದ ಚೆನ್ನಾಗಿ ಕಿತ್ತುಕೊಂಡಿತು. ತಗೊಳ್ಳುವಾಗ ಏಣಿ ಹತ್ತಿ ಛಾವಣಿಯ ವೀಡಿಯೋ ಮಾಡಿಕೊಳ್ಳಿ. ಮರದ ಕೊಂಬೆ ತಾಗಿದ್ದಕ್ಕೆ, ಅಡಿಭಾಗ ಉಜ್ಜಿದ್ದಕ್ಕೆ ತುಂಬಾ ಇನ್ಶೂರೆನ್ಸ್‌ಗಳು ದುಡ್ಡು ಕೊಡುವುದಿಲ್ಲ, ಆ ಸಣ್ಣ ಅಕ್ಷರ ಓದಿ ಸಹಿ ಹಾಕಿ.

ಒಗ್ಗರಣೆ_ಆಸ್ಟಿನ್

ಸಿಯಾಟಲ್ ಅವರ ಲೆಕ್ಕ ಸರಿ, ಆದರೆ ಮೂರು ರೂಮಲ್ಲಿ ಬಾಗಿಲು ಹಾಕಿಕೊಂಡು ಮಲಗುವುದಕ್ಕೆ ಬೆಂಗಳೂರಿನಿಂದ ಯಾಕೆ ಬರಬೇಕು ಹೇಳಿ? ದುಡ್ಡು ಉಳಿಸಲು ಅಂತಾದರೆ ಆರ್‌ವಿ ಬೇಡ. ಒಟ್ಟಿಗೆ ಇರಲು ಅಂತಾದರೆ ಬೇಕು. ಹೇಗೂ ಗಾಡಿಯ ಹೊರಗಿನದನ್ನು ಎಲ್ಲರೂ ಹೇಳುತ್ತಾರೆ, ನಾನು ಒಳಗಿನದು ಹೇಳುತ್ತೇನೆ.

ಏಳು ಜನ ಮಲಗಬಹುದು ಅಂದರೆ ಹಿಂದೆ ಒಂದು ಮಂಚ, ಡ್ರೈವರ್ ತಲೆ ಮೇಲೆ ಒಂದು ಅಟ್ಟ, ಊಟದ ಟೇಬಲ್ ಮಡಚಿದರೆ ಒಂದು ಹಾಸಿಗೆ, ಸೋಫಾ ಎಳೆದರೆ ಇನ್ನೊಂದು. ಟೇಬಲ್ ಮೇಲೆ ಮಲಗಿದವನು ಏಳುವ ತನಕ ಯಾರಿಗೂ ತಿಂಡಿ ಇಲ್ಲ. ಜೋಡಿಗಳಿಗೆ ಮಂಚ ಮತ್ತು ಅಟ್ಟ, ಬ್ರಹ್ಮಚಾರಿಗಳಿಗೆ ಟೇಬಲ್ ಮತ್ತು ಸೋಫಾ ಅಂತ ಮೊದಲೇ ಮಾತಾಡಿಕೊಳ್ಳಿ, ಮಧ್ಯದಲ್ಲಿ ಅದಲು ಬದಲು ಮಾಡಿ. ಗಾಡಿ ಓಡುವಾಗ ಎಲ್ಲರೂ ಬೆಲ್ಟ್ ಹಾಕಿ ಕೂರಬೇಕು, ಹಿಂದೆ ಮಂಚದ ಮೇಲೆ ಬಿದ್ದುಕೊಂಡು ಇಸ್ಪೀಟು ಆಡುವುದೆಲ್ಲ ಆಗದು. ಆರು ಬೆಲ್ಟ್ ಇದೆಯಾ ಅಂತ ಎಣಿಸಿಯೇ ಗಾಡಿ ಹಿಡಿಯಿರಿ. ಮಲಗುವ ಜಾಗ, ಬೆಲ್ಟಿನ ಸಂಖ್ಯೆ ಯಾವಾಗಲೂ ಒಂದೇ ಇರುವುದಿಲ್ಲ.

ಅಡುಗೆ. ಮೆಣಸಿನಕಾಯಿ ಒಗ್ಗರಣೆ ಒಳಗೆ ಹಾಕಿದರೆ ಹೊಗೆ ಅಲಾರಂ ಹೊಡೆದುಕೊಳ್ಳುತ್ತದೆ, ಕಿಟಕಿ ತೆಗೆದರೂ ಅಷ್ಟೇ. ಒಂದು ಸಣ್ಣ ಕ್ಯಾಂಪ್ ಸ್ಟೌ ತಗೊಂಡು ಸೈಟಿನ ಕಲ್ಲುಬೆಂಚಿನ ಮೇಲೇ ಅಡುಗೆ ಮಾಡಿ. ಕುಕ್ಕರ್ ಮರೆಯಲೇಬೇಡಿ, ಇದು ಸುಮ್ನೆ ಹೇಳುತ್ತಿಲ್ಲ. ಬ್ರೈಸ್ 8,000 ಅಡಿ ಎತ್ತರದಲ್ಲಿದೆ, ಅಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಹುರಿದ ರವೆ, ಅವಲಕ್ಕಿ ಮನೆಯಿಂದಲೇ ಒಯ್ಯಿರಿ. ಈರುಳ್ಳಿ ತಿನ್ನದವರಿಗೂ ಇಷ್ಟರಲ್ಲಿ ದಿನ ಕಳೆಯುತ್ತದೆ. ವೇಗಸ್ ಬಿಟ್ಟ ಮೇಲೆ ಕರಿಬೇವು ಕೇಳಬೇಡಿ.

ಕರೆಂಟ್ ಸೈಟಿನಲ್ಲಿ ಇದ್ದರೂ ಸಾಮಾನ್ಯವಾಗಿ 30 ಆಂಪ್. ಎಸಿ, ಮೈಕ್ರೋವೇವ್, ಇಂಡಕ್ಷನ್ ಮೂರೂ ಒಟ್ಟಿಗೆ ಹಾಕಿದರೆ ಟ್ರಿಪ್ ಆಗುತ್ತದೆ. ಪಾರ್ಕಿನ ಒಳಗಿನ ತುಂಬಾ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಕರೆಂಟೇ ಇಲ್ಲ, ಬ್ರೈಸ್‌ನ ನಾರ್ತ್, ಕ್ಯಾಪಿಟಲ್ ರೀಫ್‌ನ ಫ್ರೂಟಾ, ಆರ್ಚಸ್‌ನ ಡೆವಿಲ್ಸ್ ಗಾರ್ಡನ್ ಎಲ್ಲ ಹಾಗೇ. ಜನರೇಟರ್‌ಗೂ ಸಮಯ ಕಟ್ಟಿರುತ್ತಾರೆ. ಮಿಕ್ಸಿಯಲ್ಲಿ ಬೆಳಗಿನ ಜಾವ ಚಟ್ನಿ ರುಬ್ಬುವ ಸಾಹಸ ಬೇಡ.

ಈಗ ಯಾರೂ ಬರೆಯದ ವಿಷಯ, ಟ್ಯಾಂಕು. ಮೂರು ಇರುತ್ತವೆ: ಒಳ್ಳೇ ನೀರಿನದು, ಪಾತ್ರೆ ಸ್ನಾನದ ಕೊಳೆನೀರಿನದು, ಪಾಯಿಖಾನೆಯದು. ಮೂರನೆಯದು ನಮ್ಮವರಿಗೆ ಬೇಗ ತುಂಬುತ್ತದೆ, ಯಾಕೆಂದರೆ ನಮಗೆ ಚೊಂಬು ಬೇಕು. ಆರು ಜನ ಇದ್ದರೆ ಎರಡು ಮೂರು ದಿನಕ್ಕೊಮ್ಮೆ ಖಾಲಿ ಮಾಡಬೇಕು ಅಂದುಕೊಳ್ಳಿ. ಕ್ಯಾಂಪ್‌ಗ್ರೌಂಡಿನ ಶೌಚಾಲಯ, ಶವರ್ ಇದ್ದ ಕಡೆ ಅದನ್ನೇ ಬಳಸಿ. ಪೈಪ್ ಹಾಕಿ ನಿಲ್ಲಿಸಿದ್ದೇವಲ್ಲ ಅಂತ ಪಾಯಿಖಾನೆ ವಾಲ್ವ್ ತೆರೆದೇ ಇಡಬೇಡಿ, ನೀರು ಹರಿದು ಹೋಗಿ ಗಟ್ಟಿ ಮಾತ್ರ ಉಳಿಯುತ್ತದೆ, ಆಮೇಲೆ ದೇವರೇ ಗತಿ. ಮುಚ್ಚಿಟ್ಟು ಮುಕ್ಕಾಲು ತುಂಬಿದ ಮೇಲೆ ಒಂದೇ ಸಲ ಬಿಡಬೇಕು. ಮೊದಲು ಪಾಯಿಖಾನೆಯದು, ಆಮೇಲೆ ಪಾತ್ರೆ ನೀರಿನದು, ಆಗ ಪೈಪ್ ತಾನೇ ತೊಳೆದುಕೊಳ್ಳುತ್ತದೆ. ಕೈಗವಸು ಒಂದು ದೊಡ್ಡ ಡಬ್ಬ ತಗೊಳ್ಳಿ. ಸರದಿ ಹಾಕಿ, ಬೆಂಗಳೂರಿನಿಂದ ಬಂದ ಅತಿಥಿಗಳಿಗೂ ಸರದಿ ಇರಲಿ :)

ಹಾಂ, ಅಕ್ಟೋಬರ್‌ನಲ್ಲಿ ಬ್ರೈಸ್ ರಾತ್ರಿ ಶೂನ್ಯಕ್ಕಿಂತ ಕೆಳಗೆ ಹೋಗುತ್ತದೆ. ಹೊರಗಿನ ನೀರಿನ ಪೈಪ್ ಮಲಗುವ ಮುಂಚೆ ಬಿಚ್ಚಿಡಿ.

ಬೆಣ್ಣೆದೋಸೆ_ಬೇಏರಿಯಾ

ಒಗ್ಗರಣೆ ಮೇಡಂ, ನಿಮ್ಮ ಟ್ಯಾಂಕ್ ಪುರಾಣವನ್ನು ಗ್ರೂಪಿಗೆ ಹಾಕಿದೆ, ಒಬ್ಬ ಆಗಲೇ ಮಿನಿವ್ಯಾನ್ ಪಕ್ಷ ಸೇರಿದ. ಮಿಕ್ಕ ಐವರು ಗಟ್ಟಿಯಾಗಿದ್ದೇವೆ.

ದಾರಿಹೋಕ ಸಾರ್ ಹೇಳಿದ ಹಾಗೆ ಪಟ್ಟಿ ಕಡಿಮೆ ಮಾಡೋಣ ಅಂತ ಕೂತೆವು. ಮೋಆಬ್ ಕಡೆ ಬಿಟ್ಟರೆ, ಅಂದರೆ ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್ ಎರಡೂ ಬಿಟ್ಟು, ಕ್ಯಾಪಿಟಲ್ ರೀಫ್‌ನಿಂದ ನೇರ ಮಾನ್ಯುಮೆಂಟ್ ವ್ಯಾಲಿಗೆ ಇಳಿದರೆ ಎರಡು ದಿನ ಉಳಿಯುತ್ತದೆ. ಗೂಗಲ್ 95ನೇ ರಸ್ತೆ, ಆಮೇಲೆ 261 ಅಂತ ತೋರಿಸುತ್ತಿದೆ. ಸರಿನಾ? ಬೆಂಗಳೂರಿನವರಿಗೆ ಪಾರ್ಕ್ ಪಾಸ್ ಬೇರೆ ಅಂತ ಯಾರೋ ಹೇಳಿದರು, ಅದೇನು?

ದಾರಿಹೋಕ_ಫೀನಿಕ್ಸ್

261 ಬೇಡ! ಬೇಡವೇ ಬೇಡ. ಆ ರಸ್ತೆಯ ಕೊನೆಯಲ್ಲಿ ಮೋಕಿ ಡಗ್‌ವೇ ಅಂತ ಇದೆ. ಅಲ್ಲಿವರೆಗೆ ಡಾಂಬರು, ಆಮೇಲೆ ಮೂರು ಮೈಲಿ ಮಣ್ಣುದಾರಿ, ಬೆಟ್ಟದ ಗೋಡೆಗೆ ಅಂಟಿಕೊಂಡು ಹಾವಿನ ಥರ ಸಾವಿರ ಅಡಿಗೂ ಜಾಸ್ತಿ ಇಳಿಯುತ್ತದೆ, ತಡೆಗೋಡೆ ಇಲ್ಲ. 1950ರ ದಶಕದಲ್ಲಿ ಯುರೇನಿಯಂ ಅದಿರಿನ ಲಾರಿಗಳಿಗೆ ಅಂತ ಕಡಿದಿದ್ದು. ಆರ್‌ವಿ ತರಬೇಡಿ ಅಂತ ಬೋರ್ಡ್ ಹಾಕಿದ್ದಾರೆ. ಸಣ್ಣ ಕಾರಿನಲ್ಲಿ ಹೋದರೆ ಮೇಲಿನಿಂದ ಕಾಣುವ ನೋಟ ಬಹಳ ಚೆನ್ನ, ಅದು ಬೇರೆ ಮಾತು.

ನೀವು 95ರಲ್ಲೇ ಮುಂದುವರಿದು ಬ್ಲ್ಯಾಂಡಿಂಗ್ ಕಡೆ ಹೋಗಿ, ಅಲ್ಲಿಂದ ಬ್ಲಫ್, ಮೆಕ್ಸಿಕನ್ ಹ್ಯಾಟ್ ಮೇಲೆ ಮಾನ್ಯುಮೆಂಟ್ ವ್ಯಾಲಿಗೆ ಇಳಿಯಿರಿ. ಸ್ವಲ್ಪ ಸುತ್ತು, ಪೂರ್ತಿ ಡಾಂಬರು. ಹೈಟ್ ಹತ್ತಿರ ಕೊಲೊರಾಡೋ ನದಿ ದಾಟುವ ಜಾಗದಲ್ಲಿ ನಿಲ್ಲಿಸಿ, ಅಲ್ಲಿ ನೋಡಲು ಬೇರೆ ಗಾಡಿಯೇ ಇರುವುದಿಲ್ಲ. ಹ್ಯಾಂಕ್ಸ್‌ವಿಲ್‌ನಲ್ಲಿ ಪೆಟ್ರೋಲ್ ಟ್ಯಾಂಕ್ ಫುಲ್ ಮಾಡಿ ಹೊರಡಿ. ಅಲ್ಲಿಂದ ಬ್ಲ್ಯಾಂಡಿಂಗ್‌ವರೆಗೆ 120 ಮೈಲಿಗೂ ಜಾಸ್ತಿ, ಆ ರಸ್ತೆಯಲ್ಲಿ ಬಂಕ್ ನಂಬಿಕೊಂಡು ಹೋಗಬೇಡಿ, ಫೋನ್ ಸಿಗ್ನಲ್ ಕೂಡ. ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಗಾಡಿಯ ಎತ್ತರ, ಉದ್ದ ಬರೆದು ಸ್ಟಿಯರಿಂಗ್ ಎದುರು ಅಂಟಿಸಿಕೊಳ್ಳಿ, ಗೂಗಲ್‌ಗೆ ನೀವು ಓಡಿಸುತ್ತಿರುವುದು ಮನೆ ಅಂತ ಗೊತ್ತಿಲ್ಲ.

ಮೋಆಬ್ ಬಿಟ್ಟಿದ್ದಕ್ಕೆ ಗೆಳೆಯರು ಗೊಣಗಿದರೆ ಗೊಣಗಲಿ. ಬ್ರೈಸ್‌ನಿಂದ ಕ್ಯಾಪಿಟಲ್ ರೀಫ್‌ಗೆ ಹೋಗುವ 12ನೇ ರಸ್ತೆ ಒಂದೇ ಸಾಕು. ಎಸ್ಕಲಾಂಟೆ ಮತ್ತು ಬೌಲ್ಡರ್ ನಡುವೆ ಹಾಗ್‌ಬ್ಯಾಕ್ ಅನ್ನುವ ಜಾಗದಲ್ಲಿ ರಸ್ತೆ ಗುಡ್ಡದ ಬೆನ್ನೆಲುಬಿನ ಮೇಲೆ ಹೋಗುತ್ತದೆ, ಎರಡೂ ಕಡೆ ಇಳಿಜಾರು. ಅಲ್ಲಿ ನಿಮ್ಮಲ್ಲಿ ಯಾರಿಗೆ ಕೈ ನಡುಗುವುದಿಲ್ಲವೋ ಅವರು ಓಡಿಸಲಿ. ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಇಳಿಯಬೇಡಿ, ಗೇರ್ ಇಳಿಸಿ. ಇಬ್ಬರ ಹೆಸರನ್ನು ಡ್ರೈವರ್ ಅಂತ ಬಾಡಿಗೆ ಕಾಗದದಲ್ಲಿ ಹಾಕಿಸಿ. ಒಬ್ಬನೇ ಓಡಿಸಿ ಮಿಕ್ಕವರು ಹಿಂದೆ ಅಂತ್ಯಾಕ್ಷರಿ ಆಡಿದರೆ ಅವನು ನಾಲ್ಕನೇ ದಿನ ಮಾತು ಬಿಡುತ್ತಾನೆ.

ಕಲ್ಲುಬಂಡೆ

ಪಾಸ್ ವಿಷಯ ನಾನು ಹೇಳುತ್ತೇನೆ. 2026ರ ಜನವರಿಯಿಂದ ಬದಲಾಗಿದೆ. ಇಲ್ಲಿ ವಾಸ ಇರುವವರಿಗೆ ವರ್ಷದ ಪಾಸ್ 80 ಡಾಲರ್, ಹೊರದೇಶದಿಂದ ಬಂದವರಿಗೆ 250. ಪಾಸ್ ಇಲ್ಲದ ವಿದೇಶಿಯರಿಗೆ 11 ಪಾರ್ಕುಗಳಲ್ಲಿ ಮಾಮೂಲಿ ಪ್ರವೇಶದ ಮೇಲೆ ತಲೆಗೆ ಇನ್ನೂ 100 ಡಾಲರ್, 16 ವರ್ಷ ದಾಟಿದವರಿಗೆ. ನಿಮ್ಮ ದಾರಿಯಲ್ಲಿ ಜಾಯನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್ ಮೂರೂ ಆ ಪಟ್ಟಿಯಲ್ಲಿವೆ, ಕ್ಯಾಪಿಟಲ್ ರೀಫ್ ಇಲ್ಲ. ಇಬ್ಬರು, ಮೂರು ಪಾರ್ಕು, ಒಂದೊಂದು ಗೇಟಲ್ಲೂ ನೂರು ನೂರು ಕೊಡುತ್ತಾ ಹೋದರೆ 600 ಆಯಿತು, ಲೆಕ್ಕ ಹಾಕಿಕೊಳ್ಳಿ. ನಿಮ್ಮ ನಾಲ್ಕು ಜನ ಇಲ್ಲಿನ ಗುರುತಿನ ಚೀಟಿ ಕೈಯಲ್ಲಿ ಇಟ್ಟುಕೊಳ್ಳಿ, ಕೇಳುತ್ತಾರೆ. ಮಾನ್ಯುಮೆಂಟ್ ವ್ಯಾಲಿ, ಪೇಜ್ ಹತ್ತಿರದ ಆಂಟಿಲೋಪ್ ಕ್ಯಾನ್ಯನ್ ಎರಡೂ ನವಾಹೋ ಜನರದ್ದು, ಅಲ್ಲಿ ಈ ಪಾಸ್ ನಡೆಯುವುದಿಲ್ಲ.

ಗಡಿಯಾರದ ಬಗ್ಗೆ ಯಾರೂ ಹೇಳಿಲ್ಲ. ಅಕ್ಟೋಬರ್‌ನಲ್ಲಿ ಯೂಟಾ ಒಂದು ಗಂಟೆ ಮುಂದೆ, ಅರಿಜೋನಾ ಹಿಂದೆ, ಅರಿಜೋನಾ ಒಳಗೇ ಇರುವ ನವಾಹೋ ನಾಡು ಮತ್ತೆ ಮುಂದೆ. ಪೇಜ್ ಊರು ಅರಿಜೋನಾ ಸಮಯ, ಆಂಟಿಲೋಪ್ ಟೂರ್‌ಗಳೂ ಅದೇ ಸಮಯ. ಗಡಿ ಹತ್ತಿರ ಫೋನ್ ಹಿಂದೆ ಮುಂದೆ ಕುಣಿಯುತ್ತಿರುತ್ತದೆ. ಒಬ್ಬರ ಕೈಯಲ್ಲಿ ಮುಳ್ಳಿನ ವಾಚ್ ಇರಲಿ, ಮುಂಚಿತವಾಗಿ ದುಡ್ಡು ಕಟ್ಟಿದ ಟೂರ್ ತಪ್ಪಿದರೆ ವಾಪಸ್ ಬರುವುದು ಕಷ್ಟ.

ಕ್ಯಾಪಿಟಲ್ ರೀಫ್‌ನಲ್ಲಿ ಮಾರ್ಮನ್ ವಲಸಿಗರು ನೆಟ್ಟ ಹಣ್ಣಿನ ತೋಟ ಇದೆ, ಈಗ ಪಾರ್ಕಿನವರೇ ನೋಡಿಕೊಳ್ಳುತ್ತಾರೆ. ತೆರೆದಿಟ್ಟ ತೋಟದಲ್ಲಿ ನಿಂತು ತಿಂದರೆ ಕಾಸಿಲ್ಲ, ಮನೆಗೆ ಒಯ್ದರೆ ತೂಕ ಹಾಕಿ ದುಡ್ಡು. ಬ್ರೈಸ್‌ನಲ್ಲಿ ಮೇಲಿಂದ ಫೋಟೋ ತೆಗೆದು ಓಡಬೇಡಿ, ಕೆಳಗಿಳಿದು ಅಲ್ಲಿನ ಕಲ್ಲುಕಂಬಗಳ ನಡುವೆ ನಡೆಯಿರಿ. ಬಿರುಕಿಗೆ ನೀರು ಇಳಿದು, ರಾತ್ರಿ ಹೆಪ್ಪುಗಟ್ಟಿ ಹಿಗ್ಗಿ, ಹಗಲು ಕರಗಿ, ವರ್ಷಾನುಗಟ್ಟಲೆ ಹೀಗೇ ಆಗಿ ಕಲ್ಲು ಸೀಳಿ ನಿಂತಿದ್ದು ಅವು. ನಿಮ್ಮ ಪೈಪ್ ಒಡೆಯುವ ಅದೇ ಚಳಿ.

ನನಗೆ ಇಷ್ಟವಾದ ಜಾಗ ಗ್ರ್ಯಾಂಡ್ ಕ್ಯಾನ್ಯನ್. ಪೇಜ್‌ನಿಂದ ಕ್ಯಾಮೆರನ್ ಮೇಲೆ ಬಂದರೆ ಪೂರ್ವದ ಡೆಸರ್ಟ್ ವ್ಯೂ ಗೇಟಿನಿಂದ ಒಳಗೆ ಬರುತ್ತೀರಿ. ಅಲ್ಲಿ ಮೇರಿ ಕೋಲ್ಟರ್ ವಿನ್ಯಾಸ ಮಾಡಿದ 1932ರ ಕಲ್ಲಿನ ಗೋಪುರ ಇದೆ. ಆ ರಸ್ತೆಯ ವ್ಯೂ ಪಾಯಿಂಟ್‌ಗಳಿಂದ ಕಣಿವೆಯೊಳಗೆ ಒಂದು ಚೂಪು ಶಿಖರ ಕಾಣುತ್ತದೆ, ಅದರ ಹೆಸರು ವಿಷ್ಣು ಟೆಂಪಲ್. ಶಿವ ಟೆಂಪಲ್, ಬ್ರಹ್ಮ ಟೆಂಪಲ್ ಇವೆ, ಕೃಷ್ಣ ಶ್ರೈನ್, ರಾಮ ಶ್ರೈನ್ ಕೂಡ. ಗುಡಿ ಏನಿಲ್ಲ, ಬರೀ ಬಂಡೆ. 1880ರ ದಶಕದಲ್ಲಿ ಕ್ಲಾರೆನ್ಸ್ ಡಟನ್ ಅನ್ನುವ ಭೂವಿಜ್ಞಾನಿ ಪೂರ್ವದೇಶದ ದೇವರ ಹೆಸರು ಇಡಲು ಶುರು ಮಾಡಿದ, ಮುಂದೆ ಬಂದವರು ಅದನ್ನೇ ಹಿಡಿದರು. ತಳದಲ್ಲಿ ಕಪ್ಪಗೆ ಕಾಣುವ ಶಿಲೆ ವಿಷ್ಣು ಶಿಸ್ಟ್, ಸುಮಾರು 170 ಕೋಟಿ ವರ್ಷದ್ದು. ಬೆಂಗಳೂರಿನವರಿಗೆ ಇದನ್ನು ಮೊದಲೇ ಹೇಳಬೇಡಿ, ಅಲ್ಲಿ ಬೋರ್ಡ್ ಓದಿ ಅವರೇ ಕೂಗಲಿ.

ಮಳೆನಾಡು_ಸಿಯಾಟಲ್

ಸರಿ, ಸೋತೆ ಅಂತ ಅಲ್ಲ, ಮೋಆಬ್ ಬಿಟ್ಟರೆ ಈ ಪ್ಲಾನ್ ಪರವಾಗಿಲ್ಲ. ಒಂದು ಮಾತು, ಖರ್ಚನ್ನು ಅಲ್ಲಲ್ಲೇ ಬರೆದು ಹಾಕಿ. ಪೆಟ್ರೋಲ್ ನಾನು ಹಾಕಿಸಿದೆ, ಸೈಟ್ ನೀನು ಕೊಟ್ಟೆ ಅಂತ ಕೊನೆಗೆ ವೇಗಸ್ ಏರ್‌ಪೋರ್ಟಲ್ಲಿ ಕೂತು ಲೆಕ್ಕ ಮಾಡುವುದು ಸಾಕಪ್ಪ ಸಾಕು.

ಬೆಣ್ಣೆದೋಸೆ_ಬೇಏರಿಯಾ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗಿನ ಲೆಕ್ಕ: ಜಾಯನ್ ಎರಡು ರಾತ್ರಿ, ಬ್ರೈಸ್ ಎರಡು, ಕ್ಯಾಪಿಟಲ್ ರೀಫ್ ಒಂದು, ಮಾನ್ಯುಮೆಂಟ್ ವ್ಯಾಲಿ ಒಂದು, ಪೇಜ್ ಒಂದು, ಗ್ರ್ಯಾಂಡ್ ಕ್ಯಾನ್ಯನ್ ಎರಡು. ಮಿನಿವ್ಯಾನ್ ಪಕ್ಷದವನನ್ನು ಟ್ಯಾಂಕ್ ಸರದಿಯಿಂದ ಬಿಟ್ಟಿದ್ದೇವೆ, ಬದಲಿಗೆ ದಿನಾ ಪಾತ್ರೆ ಅವನದು. ನಾಳೆ ಗಾಡಿ ಬುಕ್ ಮಾಡಲಾ?

ದಾರಿಹೋಕ_ಫೀನಿಕ್ಸ್

ಗಾಡಿ ಆಮೇಲೆ. ಮೊದಲು ಸೈಟ್. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಮಾಥರ್ ಕ್ಯಾಂಪ್‌ಗ್ರೌಂಡ್‌ಗೆ 30 ಅಡಿ ಮಿತಿ, ಕರೆಂಟ್ ಇಲ್ಲ. ಪಕ್ಕದ ಟ್ರೇಲರ್ ವಿಲೇಜ್‌ನಲ್ಲಿ ಕರೆಂಟ್, ನೀರು, ಚರಂಡಿ ಎಲ್ಲ ಇದೆ, ಆದರೆ ಅದರ ಬುಕಿಂಗ್ ಸರ್ಕಾರಿ ವೆಬ್‌ಸೈಟಿನಲ್ಲಿ ಸಿಗುವುದಿಲ್ಲ, ಬೇರೆ ಕಂಪನಿ ನಡೆಸುತ್ತದೆ, ಅವರ ವೆಬ್‌ಸೈಟಲ್ಲೇ ಹುಡುಕಿ. ಜಾಯನ್, ಗ್ರ್ಯಾಂಡ್ ಕ್ಯಾನ್ಯನ್ ಎರಡೂ ಸಿಕ್ಕಿದ ಮೇಲೆ ಆ ತಾರೀಖಿಗೆ ಗಾಡಿ ಹಿಡಿಯಿರಿ. 30 ಅಡಿಯ ಬದಲು 28 ಅಡಿಯದು, ಆರು ಬೆಲ್ಟಿನದು ಸಿಗುತ್ತಾ ಕೇಳಿ ನೋಡಿ. ಸಿಕ್ಕರೆ ಅದೇ ತಗೊಳ್ಳಿ.